ವಿಜಾಪುರ ರಸ್ತೆಯ ಹೋಟೆಲಿನಲ್ಲಿ ‘ಎಲ್ಲರಿಗೂ ಒಂದೇ ಪಂಕ್ತಿ’

ಸೊಲ್ಲಾಪುರ, ೧೯೫೭

ಹೋಟೆಲುಗಳಿಗೆ ಪರವಾನಗಿ ಕೊಡುವ ಮಾನ್ಯ ಅಧಿಕಾರಿಗಳೇ,

ವಿಜಾಪುರ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲೊಂದು ಸುಳ್ಳು ಹೇಳಿ ಗಿರಾಕಿಗಳನ್ನು ಕರೆಯುತ್ತಿದೆ. ಆ ಸುಳ್ಳಿನ ಕೆಳಗೆ ನಿಮ್ಮ ಶಿಫಾರಸು ಇದೆ. ನನ್ನ ದೂರು ಹೋಟೆಲಿನವರಿಗಿಂತ ಹೆಚ್ಚಾಗಿ ನಿಮ್ಮ ಮೇಲೆಯೇ. ಅವರನ್ನು ನಾನು ನಂಬಿರಲಿಲ್ಲ, ನಿಮ್ಮನ್ನು ನಂಬಿದ್ದೆ.

ನಾನು ಈ ಊರಿನ ಒಂದು ಛಾಪಖಾನೆಯಲ್ಲಿ ಅಚ್ಚುಮೊಳೆ ಜೋಡಿಸುವವನು. ಆ ಹೋಟೆಲಿನ ಕರಪತ್ರ ನಮ್ಮಲ್ಲಿಗೇ ಬಂದಿತ್ತು. ‘ಎಲ್ಲ ಜಾತಿಯವರಿಗೂ ಒಂದೇ ಬಾಗಿಲು, ಒಂದೇ ಪಂಕ್ತಿ, ಒಂದೇ ತಾಟು’ ಎಂದು ಮೇಲೆ ದಪ್ಪ ಅಕ್ಷರ. ಕೆಳಗೆ ‘ನಾನು ಖುದ್ದು ನೋಡಿ ಸಂತೋಷಪಟ್ಟಿದ್ದೇನೆ’ ಎಂಬ ತಮ್ಮ ಮಾತು, ತಮ್ಮ ಹುದ್ದೆಯ ಸಮೇತ. ಮರಾಠಿಯದನ್ನು ಬೇರೆಯವರು ಜೋಡಿಸಿದರು, ಕನ್ನಡದ್ದನ್ನು ನಾನು. ಹೋದ ವರ್ಷ ನಮ್ಮ ಮನೆಯವರೆಲ್ಲ ಬೌದ್ಧ ಧರ್ಮ ಸ್ವೀಕರಿಸಿದ್ದೇವೆ. ಅಂಥ ಮಾತನ್ನು ಕೂಡಿಸುವಾಗ ಬೆರಳಿಗೆ ಎಂಥ ಹುರುಪು ಬರುತ್ತದೆಂದು ನಿಮಗೆ ಹೇಗೆ ತಿಳಿಸಲಿ?

ನನ್ನ ತಾಯಿ ಭಾಗಾಬಾಯಿ ಅಕ್ಕಲಕೋಟ ತಾಲೂಕಿನ ತಡವಳದಲ್ಲಿದ್ದಾಳೆ. ಊರಿನ ಚಹಾದಂಗಡಿಯಲ್ಲಿ ನಮ್ಮವರಿಗೆಂದು ಹೊರಗಿಟ್ಟ ಬಸಿಯಲ್ಲಿ ಕುಡಿದು, ತಾನೇ ತೊಳೆದಿಟ್ಟು ಬಂದವಳು. ನಾನು ಊರಿಗೆ ಹೋಗಿ ಕರಪತ್ರ ಓದಿ ಹೇಳಿದಾಗ ಅದನ್ನು ಕೈಗೆ ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಖರೇನ ಹಿಂಗ ಬರದಾರೇನು?”

“ದೊಡ್ಡ ಸಾಹೇಬರು ಹೋಗಿ ನೋಡ್ಯಾರವ್ವ.”

“ಸಾಹೇಬ್ರು ನೋಡ್ಯಾರಂದ್ರ ನಡಿ ಮತ್ತ,” ಎಂದಳು. ದೀಕ್ಷೆಯ ದಿನ ಉಟ್ಟ ಬಿಳಿ ಸೀರೆಯನ್ನೇ ಉಟ್ಟು ಸೊಲ್ಲಾಪುರಕ್ಕೆ ಬಂದಳು. ನನ್ನ ಮಾತಿಗಲ್ಲ, ನಿಮ್ಮ ಮಾತಿಗೆ ಬಂದಳು.

ಹಣದ ಗಲ್ಲೆಯ ಮೇಲೆ ಕುಳಿತ ಮ್ಯಾನೇಜರರು ನಗುತ್ತ ಎದ್ದರು. “ಯಾವ ಊರ್ರಿ? ಯಾರ ಪೈಕಿ?” ಒಂದೇ ಬಾಗಿಲಿರುವ ಮನೆಯಲ್ಲಿ ಈ ಪ್ರಶ್ನೆ ಯಾಕೆ ಬೇಕೆಂದು ಆಗಲೇ ಹೊಳೆಯಬೇಕಿತ್ತು. ನಾನು ಎದೆಯುಬ್ಬಿಸಿ, “ತಡವಳದವ್ರು, ಬೌದ್ಧರು,” ಎಂದೆ. ಅವರ ನಗು ಹೋಗಲಿಲ್ಲ. “ಹೆಣ್ಮಕ್ಕಳು ಬಂದಾರ. ನಿಮಗಂತ ಹಿಂದ ಬ್ಯಾರೆ ಸೋಯಿ ಮಾಡೀವ್ರಿ, ಆರಾಮ ಕುಂದರ್ರಿ,” ಎಂದು ಓಣಿಯಿಂದ ಸುತ್ತುಹಾಕಿಸಿ ಹಿತ್ತಲಿನ ತಗಡಿನ ಚಪ್ಪರಕ್ಕೆ ಕಳಿಸಿದರು. ಅಲ್ಲಿ ಕೂಡಲು ಎರಡು ಬಾಕು, ಪಾತ್ರೆ ತಿಕ್ಕುವ ಬಚ್ಚಲು. ಜರ್ಮನ್, ಅಂದರೆ ಅಲ್ಯುಮಿನಿಯಂ ತಾಟುಗಳಲ್ಲಿ ಊಟ ಬಂತು. ಕಿಟಕಿಯಿಂದ ಒಳಗೆ ಊಟಕ್ಕೆ ಕೂಡುವ ದೊಡ್ಡ ಹಾಲ್ ಕಾಣುತ್ತಿತ್ತು. ಅಲ್ಲಿಯೂ ಹೆಣ್ಣುಮಕ್ಕಳಿದ್ದರು. ಅವರ ಮುಂದೆ ಹಿತ್ತಾಳೆಯ ತಾಟುಗಳಿದ್ದವು.

ತಾಯಿ ತುತ್ತು ಮುರಿಯಲಿಲ್ಲ. ಎದ್ದು ಆ ಹಾಲ್‌ನ ಹಿಂಬಾಗಿಲಲ್ಲಿ ನಿಂತು ಮ್ಯಾನೇಜರರನ್ನು ಕೇಳಿದಳು: “ಯಪ್ಪಾ, ನನಗ ಓದಾಕ ಬರೂದಿಲ್ರಿ. ನನ್ನ ಮಗ ಓದಿ ಹೇಳಿದ. ಅಂವ ತಪ್ಪು ಓದ್ಯಾನೇನ್ರಿ?”

ಒಳಗೆ ಊಟಮಾಡುತ್ತಿದ್ದ ಒಬ್ಬರು ತಾಟು ಹಿಡಿದೇ ಮೇಲೆದ್ದರು. ಬೋರಾಮಣಿಯ ಧರೆಪ್ಪ, ಕುರಿ ಸಾಕುವವರು, ಹೆಂಡತಿ ಸಕ್ಕುಬಾಯಿಯೊಡನೆ ಸಂತೆಗೆ ಬಂದಿದ್ದರು. ಅದುವರೆಗೆ ನಮಗೆ ಗುರುತೂ ಇರಲಿಲ್ಲ. “ಒಂದೇ ಪಂಕ್ತಿ ಅಂತ ಬರದಾರಂದ್ರ ನಾವೂ ಅಲ್ಲೇ ಕುಂದರ್ತೀವಿ ಬಿಡ್ರಿ,” ಎಂದು ಇಬ್ಬರೂ ತಂತಮ್ಮ ತಾಟು ಹಿಡಿದು ಚಪ್ಪರದತ್ತ ಹೊರಟರು. ಆಗ ಮ್ಯಾನೇಜರರ ನಗು ಹೋಯಿತು. “ಒಳಗಿನ ತಾಟು ಹೊರಗ ಒಯ್ಯಬ್ಯಾಡ್ರಿ,” ಎಂದು ಓಡಿಬಂದು ಸಕ್ಕುಬಾಯಿಯ ಕೈಯಿಂದ ತಾಟು ಕಸಿದರು. ಸಾರು ನನ್ನ ತಾಯಿಯ ಸೀರೆಯ ಮೇಲೆ ಚೆಲ್ಲಿತು. ಸಕ್ಕುಬಾಯಿ ತನ್ನ ಸೆರಗಿನಿಂದ ಒರೆಸುತ್ತಿದ್ದರೆ ತಾಯಿ, “ಬಿಡವ್ವ, ಹೋಗೂದಿಲ್ಲದು,” ಎಂದಳು. ನಾಲ್ವರೂ ಊಟ ಬಿಟ್ಟು ಹೊರಬಿದ್ದೆವು.

ಮರುದಿನ ತಮ್ಮ ಕಚೇರಿಗೆ ಬಂದೆ. “ಊಟಾ ಕೊಟ್ಟಾರಿಲ್ಲೋ? ಇಲ್ಲಾ ಅಂದಿಲ್ಲಲ್ಲ. ಮತ್ತ್ಯಾಕ ತಕರಾರು?” ಎಂದಿರಿ. ಹಿತ್ತಲನ್ನು ನೋಡಿದ್ದೀರಾ ಎಂದು ಕೇಳಿದೆ. ಉದ್ಘಾಟನೆಯ ದಿನ ಒಳಗಿನ ಹಾಲ್‌ನಲ್ಲಿ ಊಟಮಾಡಿ ಬಂದೆನೆಂದು ಒಪ್ಪಿಕೊಂಡಿರಿ. ಅಂದರೆ ತಾವು ಖುದ್ದು ನೋಡಿ ಸಂತೋಷಪಟ್ಟದ್ದು ತಮ್ಮ ಮುಂದಿನ ತಾಟನ್ನು. ತುಪ್ಪವೆಂದು ಹೇಳಿ ಡಾಲ್ಡಾ ಬಡಿಸಿದರೆ ಡಬ್ಬಿ ಜಪ್ತಿ ಮಾಡುತ್ತೀರಿ. ತೂಕದ ಕಲ್ಲು ಹಗುರವಿದ್ದರೆ ದಂಡ ಹಾಕುತ್ತೀರಿ. ಸಮಾನತೆಯೆಂದು ಹೇಳಿ ಹಿತ್ತಲು ಬಡಿಸಿದವರಿಗೆ ಮಾತ್ರ ಪ್ರಶಸ್ತಿಯೇ? ಅಸ್ಪೃಶ್ಯತೆ ಅಪರಾಧವೆಂದು ಕಾಯಿದೆ ಬಂದಿದೆ. ಅದು ತಮ್ಮ ಕಚೇರಿಗೆ ಇನ್ನೂ ಬಂದು ಮುಟ್ಟಿಲ್ಲವೆ?

ಇದಾದ ಮೇಲೆ ದೀಪಾವಳಿಗೆಂದು ಅದೇ ಕರಪತ್ರ ಮತ್ತೆ ಅಚ್ಚಿಗೆ ಬಂತು. ನಾನು ಜೋಡಿಸುವುದಿಲ್ಲವೆಂದೆ. ಛಾಪಖಾನೆಯ ಮಾಲೀಕರಾದ ಶಂಕರೆಪ್ಪನವರು ಮೊದಲು ಗೊಣಗಿದರು, ಆಮೇಲೆ ಕೆಲಸವನ್ನು ತಿರುಗಿ ಕಳಿಸಿದರು. ಬೇರೆ ಕಡೆ ಅಚ್ಚಾಗಿ ಈಗ ಪೇಟೆಯ ಗೋಡೆಗಳ ಮೇಲಿದೆ. ತಮ್ಮ ಸಂತೋಷವೂ ಹಾಗೆಯೇ ಇದೆ. ನನ್ನ ತಾಯಿ ಈಗ ಬಸ್ಸಿನ ಬೋರ್ಡು ನಾನು ಓದಿದರೂ ಕಂಡಕ್ಟರರನ್ನು ಇನ್ನೊಮ್ಮೆ ಕೇಳಿಯೇ ಹತ್ತುತ್ತಾಳೆ.

ನನ್ನ ಬೇಡಿಕೆ ಇಷ್ಟೇ. ತಮ್ಮ ಶಿಫಾರಸನ್ನು ಪೇಪರಿನಲ್ಲಿ ಬಹಿರಂಗವಾಗಿ ಹಿಂತೆಗೆದುಕೊಳ್ಳಿ. ಆ ಚಪ್ಪರ ಕೀಳಿಸಿ, ಇಲ್ಲವೆ ಪರವಾನಗಿ ರದ್ದುಮಾಡಿ. ಬರುವ ರವಿವಾರ ಮಧ್ಯಾಹ್ನ ಧರೆಪ್ಪ, ಸಕ್ಕುಬಾಯಿ ಮತ್ತು ನಾನು ಮುಂಬಾಗಿಲಿನಿಂದಲೇ ಹಾಲ್‌ಗೆ ಹೋಗಿ ಕೂಡುತ್ತೇವೆ. ತಾಯಿ ಬರುವುದಿಲ್ಲ ಎಂದಿದ್ದಾಳೆ. ತಾವಾದರೂ ಬನ್ನಿ. ಪಕ್ಕದಲ್ಲಿ ಜಾಗ ಹಿಡಿದಿರುತ್ತೇವೆ.

ಇಂತಿ,
ತಮ್ಮ ಮಾತನ್ನು ಒಂದಕ್ಷರವೂ ತಪ್ಪದಂತೆ ಅಚ್ಚಿಗೆ ಕೂಡಿಸಿಕೊಟ್ಟ,
ತಡವಳದ ಹುಲೆಪ್ಪ