ಅವಳಿಗೂ ಹೇಳು

೯ನೇ ಮಾರ್ಚ್, ಭಾನುವಾರ

ಚಿರಂಜೀವಿ ಪುಟ್ಟುವಿಗೆ,

ಅಮ್ಮನ ಆಶೀರ್ವಾದಗಳು, ಜೊತೆಗೆ ಒಂದಷ್ಟು ಬೈಗುಳ. ಕಾಗದ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಸಿಟ್ಟಿನಲ್ಲಿ ಬರೆದದ್ದನ್ನು ಹರಿದು ಹಾಕಿದೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದರೆ ಅದು ಇಳಿಯುವ ಲಕ್ಷಣವೇ ಕಾಣಲಿಲ್ಲ. ಫೋನ್ ಮಾಡಿದರೆ "ಅಮ್ಮಾ, ಮೇಷ್ಟ್ರು ಕರೀತಿದಾರೆ" ಎಂದು ಇಟ್ಟುಬಿಡುತ್ತೀಯ. ನಿನಗೆ ಫ್ರಿಜ್ ರಿಪೇರಿ ಕಲಿಸುವ ಆ ಮೇಷ್ಟ್ರು ಸರಿಯಾಗಿ ನಾನು ಬಾಯಿ ತೆರೆದಾಗಲೇ ಹೇಗೆ ಕರೆಯುತ್ತಾರೋ, ಆ ದೇವರೇ ಬಲ್ಲ. ಅದಕ್ಕೇ ಈ ಕಾಗದ.

ಮೂತ್ರಕ್ಕೆ ಹೋದರೆ ಉರಿ ಎಂದು ನೀನು ನನ್ನ ಹತ್ತಿರ ಹೇಳಿಕೊಂಡೆಯಲ್ಲ, ಅದು ನನಗೆ ಹೆಮ್ಮೆಯೇ. ಎಷ್ಟು ಮಕ್ಕಳು ಹೆತ್ತವಳಿಗೆ ಇಂಥದ್ದನ್ನು ಹೇಳುತ್ತಾರೆ? ಹೇಳಿದ ಮಾತು ಕೇಳಿ ಪರೀಕ್ಷೆ ಮಾಡಿಸಿಕೊಂಡೆ. ಸೋಂಕು ಇದೆಯೆಂದು ಗೊತ್ತಾದ ಮೇಲೆ ಮಾತ್ರೆಗಳನ್ನು ಪೂರ್ತಿ ನುಂಗಿದೆ. ಅಲ್ಲಿಯವರೆಗೆ ಜಾಣ. ಆಮೇಲೆ ನಿನ್ನ ಆ ಗುಂಗುರು ಕೂದಲಿನ ಹುಡುಗಿಯ ಮಾತೆತ್ತಿ "ಗುಂಗುರುಗೆ ಹೇಳಿದ್ಯೇನೋ?" ಎಂದು ಕೇಳಿದರೆ ಏನೆಂದೆ? "ನಂಗೆ ವಾಸಿಯಾಯ್ತಲ್ಲಮ್ಮಾ, ಮುಗೀತು. ಅವ್ಳಿಗ್ಯಾಕೆ ಹೇಳಿ ತಲೆ ಕೆಡಿಸ್ಬೇಕು? ಅವ್ಳು ಚೆನ್ನಾಗೇ ಇದಾಳೆ. ಹೇಳಿದ್ರೆ ಬಿಟ್ಟು ಹೋಗ್ತಾಳೆ ಅಷ್ಟೆ."

ಚೆನ್ನಾಗಿದ್ದಾಳಂತೆ! ಡಾಕ್ಟರು ಯಾವಾಗ ಆದೆಯೋ? ಹುಡುಗಿಯರಲ್ಲಿ ಎಷ್ಟೋ ಸಲ ಈ ಸೋಂಕು ಉರಿಯಿಲ್ಲದೆ, ನೋವಿಲ್ಲದೆ ಒಳಗೇ ತೆಪ್ಪಗೆ ಕೂತಿರುತ್ತದೆ. ತೆಪ್ಪಗೆ ಕೂತರೂ ಮಾಡುವ ಹಾಳು ಕೆಲಸ ಬಿಡುವುದಿಲ್ಲ. ಇದನ್ನು ದಿನವೂ ಯಾರ್ಯಾರ ಮಕ್ಕಳಿಗೋ ಹೇಳಿ ಗಂಟಲು ಒಣಗಿಸಿಕೊಳ್ಳುವ ನರ್ಸು ನಾನು. ನನ್ನ ಹೊಟ್ಟೆಯಲ್ಲಿ ಹುಟ್ಟಿದವನಿಗೆ ಹೇಳಿದರೆ ಮೇಷ್ಟ್ರು ಕರೆಯುತ್ತಾರೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನೀನು ಗೊಣಗಿಕೊಳ್ಳುತ್ತಿರಬಹುದು. ಗೊಣಗಿಕೋ.

ನಮ್ಮ ತಪಾಸಣಾ ಕೇಂದ್ರದ ಪಾಡು ಇನ್ನೂ ಹಾಗೇ ಇದೆ. ಕೆಳಗೆ ಟೈಲರ್ ಅಂಗಡಿ, ಮೇಲೆ ನಾವು. ಬರುವ ಹುಡುಗರೆಲ್ಲ ಟೈಲರ್ ಹತ್ತಿರ ಬಂದವರ ಹಾಗೆ ಕೈಯಲ್ಲೊಂದು ಪ್ಯಾಂಟು ಹಿಡಿದು ಮೆಟ್ಟಿಲು ಹತ್ತುತ್ತಾರೆ. ಮಾತ್ರೆಯ ಜೊತೆ ಅವರ ಸಂಗಾತಿಗೆಂದು ಒಂದು ಚೀಟಿ ಕೊಡುತ್ತೇವೆ. ಅದರಲ್ಲಿ ಹೆಸರಿಲ್ಲ, ಕಾಯಿಲೆಯ ಮಾತಿಲ್ಲ, "ನೀವೂ ಒಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ" ಎಂದಷ್ಟೇ ಇರುತ್ತದೆ. ಸಂಜೆ ನೋಡಿದರೆ ಅರ್ಧ ಚೀಟಿಗಳು ಮೆಟ್ಟಿಲ ಮೇಲೆಯೇ ಬಿದ್ದಿರುತ್ತವೆ.

ಹೋದ ವಾರ ಬೇಕರಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ಎರಡನೇ ಸಲ ಬಂದ. "ಮಾತ್ರೆ ತಗೊಂಡೆ ಸಿಸ್ಟರ್, ಆದ್ರೂ ಹೋಗ್ಲಿಲ್ಲ" ಅಂದ. "ಪೂರ್ತಿ ತಗೊಂಡ್ಯಾ?" ಅಂದೆ. "ಇಲ್ಲ, ಅರ್ಧ ನಂಗೆ, ಅರ್ಧ ಅವ್ಳಿಗೆ. ಇಬ್ರಿಗೂ ಒಂದೇ ತಾನೆ?" ಕೇಕು ಕತ್ತರಿಸಿ ರೂಢಿ ನೋಡು, ಮಾತ್ರೆಯ ಪಟ್ಟಿಯನ್ನೂ ಕತ್ತರಿಯಿಂದ ಸರಿಸಮ ಪಾಲು ಮಾಡಿದ್ದಾನೆ! ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು ಹಣೆ ಹಣೆ ಚಚ್ಚಿಕೊಂಡರು. ಮಾರನೇ ದಿನ ಅವಳನ್ನೂ ಕರೆದುಕೊಂಡು ಬಂದ. ಬೆಂಚಿನ ಮೇಲೆ ಕೂತು ಇಬ್ಬರೂ ಚೆನ್ನಾಗಿ ಜಗಳವಾಡಿದರು, ಆಮೇಲೆ ಒಬ್ಬೊಬ್ಬರೂ ತಮ್ಮ ಪಾಲಿನ ಪೂರ್ತಿ ಮಾತ್ರೆ ಇಸಿದುಕೊಂಡು ಹೋದರು. ನನಗೆ ನಗು ಬಂತು, ಹಿಂದೆಯೇ ನಿನ್ನ ಮೇಲೆ ಸಿಟ್ಟೂ ಬಂತು. ಆ ಪೆದ್ದು ಹುಡುಗನಾದರೂ ಅವಳಿಗೆ ಹೇಳಿದ್ದನಲ್ಲ!

ಗುಂಗುರು ಎಂದರೆ ನನಗೆ ಇಷ್ಟ ಕಣೋ. ಹೋದ ರಜೆಯಲ್ಲಿ ನಿನ್ನ ಜೊತೆ ಬಂದವಳು ನನ್ನ ಒಡೆದ ಹಿಮ್ಮಡಿ ನೋಡಿ, ತಾನು ಕೆಲಸ ಮಾಡುವ ಅಂಗಡಿಯಿಂದ ಮೆತ್ತನೆಯ ಚಪ್ಪಲಿ ಕಳಿಸಿದಳು. ಇಷ್ಟು ವರ್ಷದಲ್ಲಿ ನೀನು ನನ್ನ ಹಿಮ್ಮಡಿ ನೋಡಿದ್ದೀಯಾ? ನಾನೇ ಅವಳಿಗೆ ಫೋನ್ ಮಾಡಿ ಹೇಳಿಬಿಡಲೇ ಎಂದು ಕೈ ತುರಿಸುತ್ತದೆ. ಆದರೆ ಇದು ನಿನ್ನ ಬಾಯಿಂದಲೇ ಬರಬೇಕಾದ ಮಾತು. ಬಿಟ್ಟು ಹೋಗುತ್ತಾಳೆ ಅನ್ನುತ್ತೀಯ. ಹೋದರೆ ಹೋಗಲಿ, ಆರೋಗ್ಯವಾಗಿ ಹೋಗಲಿ.

ಯಾರಿಂದ ಯಾರಿಗೆ ಬಂತು ಎಂದು ಪಂಚಾಯಿತಿ ಕೂರಿಸಬೇಡಿ. ಅವಳು ಪರೀಕ್ಷೆ ಮಾಡಿಸಿಕೊಂಡು, ಚಿಕಿತ್ಸೆ ಮುಗಿಸಿ, ಡಾಕ್ಟರು ಸರಿ ಅನ್ನುವ ತನಕ ದೂರ ಇರಿ. ಇಲ್ಲದಿದ್ದರೆ ನೀನು ವಾಸಿ ಮಾಡಿಕೊಂಡದ್ದು ಮತ್ತೆ ನಿನಗೇ ಬಂದು ಅಂಟುತ್ತದೆ. ಆಮೇಲೆ ಕಾಂಡೋಮ್ ಮರೆಯಬೇಡ. ಮೂರು ತಿಂಗಳು ಕಳೆದ ಮೇಲೆ ಇಬ್ಬರೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಅಮ್ಮ ಇದನ್ನೆಲ್ಲ ಬರೆಯುತ್ತಾಳಲ್ಲ ಎಂದು ಕಿವಿ ಕೆಂಪಾಗಿದ್ದರೆ ಆಗಲಿ, ಅದಕ್ಕೆ ಮಾತ್ರೆ ಬೇಕಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕರೆಂಟಿನ ಕೆಲಸದಲ್ಲಿ ಹುಷಾರು. ನಿಮ್ಮಪ್ಪನೂ ಆಶೀರ್ವಾದ ತಿಳಿಸಿದ್ದಾರೆ. ನೂರು ಕಾಲ ಚೆನ್ನಾಗಿರು, ನಿನ್ನ ಜೊತೆಯವರನ್ನೂ ಚೆನ್ನಾಗಿಡು.

ಇಂತು ನಿನ್ನ
ಅಮ್ಮ

ಮತ್ತೆ: ನಿನ್ನ ಬೆನ್ನಿಗೆ ಇನ್ನೊಂದು ಮಗು ಬೇಕೆಂದು ನನಗೆ ಬಹಳ ಆಸೆಯಿತ್ತು. ನೀನಿನ್ನೂ ಅಂಬೆಗಾಲಿಡುತ್ತಿದ್ದಾಗ ನಿಮ್ಮಪ್ಪ ಲಿಫ್ಟ್ ಕೂರಿಸುವ ಕೆಲಸಕ್ಕೆಂದು ಊರೂರು ಸುತ್ತುತ್ತಿದ್ದರು. ಆಗ ಅವರಿಗೂ ಈ ಸೋಂಕು ತಗುಲಿತ್ತು. ಗುಟ್ಟಾಗಿ ಮಾತ್ರೆ ನುಂಗಿ ವಾಸಿ ಮಾಡಿಕೊಂಡರು, ನನಗೆ ಹೇಳಲಿಲ್ಲ. ನನಗೆ ಏನೂ ಗೊತ್ತಾಗಲೂ ಇಲ್ಲ. ಮಗು ಯಾಕೆ ನಿಲ್ಲುತ್ತಿಲ್ಲವೆಂದು ವರ್ಷಗಟ್ಟಲೆ ಅಲೆದೆ. ಕೊನೆಗೆ ಒಬ್ಬ ಡಾಕ್ಟರು, ಹಳೆಯ ಸೋಂಕಿನಿಂದ ಗರ್ಭನಾಳಗಳು ಮುಚ್ಚಿಹೋಗಿವೆ, ಇನ್ನು ಆಸೆ ಬಿಡಿ ಎಂದರು. ಆಗಲೇ ನಿಮ್ಮಪ್ಪ ನನ್ನ ಹತ್ತಿರ ಬಾಯಿಬಿಟ್ಟದ್ದು. ಇದನ್ನು ನಿನಗೆ ಬರೆಯಲೇ ಎಂದು ಈಗಷ್ಟೇ ನಿಮ್ಮಪ್ಪನನ್ನು ಕೇಳಿದೆ. "ಬರಿ" ಅಂದರು. ಅವರು ಕೆಟ್ಟವರಲ್ಲ ಕಣೋ. ಹೇಳಲು ನಾಚಿಕೆಯಾಯಿತು, ಅಷ್ಟೇ.