ಏಳನೇ ಬೋಗಿ, ನಲವತ್ತೆರಡನೇ ಸೀಟು

ಪಿ.ಜೆ. ಬಡಾವಣೆ, ದಾವಣಗೆರೆ
16 ನವೆಂಬರ್ 2025, ಭಾನುವಾರ

ನನ್ನ ಕೃತಿಕಾ,

ಆಶೀರ್ವಾದವನ್ನು ಮೊದಲೇ ಬರೆದುಬಿಡುತ್ತೇನೆ. ಕಾಗದ ಓದಿ ಮುಗಿಸುವ ಹೊತ್ತಿಗೆ ನಿನಗೆ ಅದು ಬೇಡವಾಗಿರಬಹುದು. ಫೋನಿನಲ್ಲೇ ಹೇಳಬಹುದಿತ್ತು. ಮೂರು ಸಲ ಬಾಯಿ ತೆರೆದೆ, ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಬೆಳಿಗ್ಗೆ ಹತ್ತಕ್ಕೆ ಯಾರು ಊಟ ಕೇಳುತ್ತಾರೆ? ನಿನಗೂ ಅನುಮಾನ ಬಂದಿರಬೇಕು.

ನೀನು ಹುಬ್ಬಳ್ಳಿಯಲ್ಲಿ ಓದುವಾಗ ಪ್ರತಿ ಸಲ ನಾನು ಸ್ಟೇಷನ್ನಿಗೆ ಬರುತ್ತಿದ್ದೆ. ನಿನ್ನನ್ನು ಸೀಟಿನಲ್ಲಿ ಕೂರಿಸಿ, ಎದುರಿಗಿದ್ದ ಹೆಂಗಸಿಗೆ "ನಮ್ ಹುಡುಗಿ ಒಬ್ಳೇ ಅದಾಳೆ, ಸ್ವಲ್ಪ ನೋಡ್ಕಳ್ರಿ" ಅಂತ ಹೇಳಿದ ಮೇಲೇ ಇಳಿಯುತ್ತಿದ್ದದ್ದು. ನೀನು ನಾಚಿಕೊಂಡು ಕಿಟಕಿ ಕಡೆ ಮುಖ ತಿರುಗಿಸುತ್ತಿದ್ದೆ. ಆದರೆ ಅವರು ನಿಜವಾಗಿಯೂ ನೋಡಿಕೊಳ್ಳುತ್ತಿದ್ದರಲ್ಲ! ಹರಿಹರ ದಾಟುವಷ್ಟರಲ್ಲಿ ಬುತ್ತಿ ಬಿಚ್ಚಿ ನಿನಗೂ ಒಂದು ರೊಟ್ಟಿ ಕೊಡುತ್ತಿದ್ದರು. ನಾನು ನಿಶ್ಚಿಂತೆಯಿಂದ ಮನೆಗೆ ಬರುತ್ತಿದ್ದೆ.

ನೀನು ಆಸ್ಟ್ರಿಯಾಕ್ಕೆ ಹೊರಟಾಗ ಯಾರಿಗೆ ಹೇಳುವುದು? ಬೀದರಿನ ಬ್ಯಾಂಕಿನ ಕೆಲಸದಲ್ಲಿ ನೀನು ವರ್ಷಗಟ್ಟಲೆ ರಜೆ ಕೂಡಿಟ್ಟು, ಹದಿನೈದು ದಿನ ಒಬ್ಬಳೇ ರೈಲಿನಲ್ಲಿ ಸುತ್ತಬೇಕು ಅಂತ ಆಸೆಪಟ್ಟಿದ್ದೆ. ಅಲ್ಲಿ ರೈಲು ಸುರಕ್ಷಿತ, ಸೀಟು ಮೆತ್ತಗೆ, ಬೋಗಿಯಲ್ಲಿ ಸದ್ದೇ ಇರುವುದಿಲ್ಲ, ಯಾರೂ ನಮ್ಮನ್ನು ಮಾತನಾಡಿಸುವುದಿಲ್ಲ ಅಂತ ನನಗೆ ಸಮಾಧಾನ ಹೇಳಿದೆ. ಯಾರೂ ಮಾತನಾಡಿಸುವುದಿಲ್ಲ ಎನ್ನುವುದಕ್ಕೇ ನನಗೆ ಭಯವಾಯಿತು.

ಟಿಕೆಟ್ಟುಗಳ ಪ್ರತಿಯನ್ನು ನೀನು ನನಗೆ ಕೊಡಲಿಲ್ಲ. ಆಪತ್ತಿಗಿರಲಿ ಅಂತ ಗೆಳತಿ ಅಂಕಿತಾಳಿಗೆ ಮಾತ್ರ ಕೊಟ್ಟೆ. ನಾನು ಅವಳ ಮನೆಗೆ ಹೋದೆ. ಅವಳು ಚಹಾ ಮಾಡಲು ಒಳಗೆ ಹೋದಾಗ ಮೇಜಿನ ಮೇಲಿದ್ದ ಹಾಳೆಗಳ ಫೋಟೊ ತೆಗೆದುಕೊಂಡೆ. ಮರುದಿನ ಹರಿಹರಕ್ಕೆ ಹೋಗಿ ನಿನ್ನ ದೊಡ್ಡಮ್ಮನ ಮಗ ಕೊಟ್ರೇಶನಿಗೆ ತೋರಿಸಿದೆ. ಯುರೋಪಿನಲ್ಲಿರುವ ನಮ್ಮ ಕಡೆಯವರದು ಒಂದು ವಾಟ್ಸಾಪ್ ಗ್ರೂಪ್ ಇದೆ, ಅದರಲ್ಲಿ ಅವನೂ ಇದ್ದಾನೆ. "ಯಾಕ್ ಹೆದರ್ತೀಯ ಚಿಕ್ಕಮ್ಮ, ಅಲ್ಲೂ ನಮ್ಮೋರು ಅದಾರೆ" ಅಂದ. ಪಕ್ಕದಲ್ಲಿ ಕೂತು ನಾನೇ ಬರೆಸಿದೆ: ನಮ್ಮ ಹುಡುಗಿ ಕೃತಿಕಾ, ವಿಯೆನ್ನಾದಿಂದ ಇನ್ಸ್‌ಬ್ರುಕ್‌ಗೆ, ಏಳನೇ ಬೋಗಿ, ನಲವತ್ತೆರಡನೇ ಸೀಟು, ಉಳಿಯುವುದು ಇಂಥ ಹೋಟೆಲು, ಒಬ್ಬಳೇ ಇದ್ದಾಳೆ, ಯಾರಾದರೂ ನೋಡಿಕೊಳ್ಳಿ. ನಿನ್ನ ಫೋಟೊವನ್ನೂ ಹಾಕಿಸಿದೆ.

ಹೌದು ಮಗಳೇ. ನಿನ್ನ ಪಕ್ಕ ಬಂದು ಕೂತು, ಹೆಸರು ಹಿಡಿದು ಮಾತನಾಡಿಸಿ, ಹೋಟೆಲಿನ ಹೆಸರನ್ನೂ ಹೇಳಿ, ನಿಮಗೆ ಹೇಗೆ ಗೊತ್ತು ಅಂದರೆ ಬರೀ ನಕ್ಕ ಆ ಗಂಡಸನ್ನು ಕರೆದದ್ದು ನಾನು. ಅವನು ಒಳ್ಳೆಯವನೋ ಕೆಟ್ಟವನೋ ನನಗೆ ಇವತ್ತಿಗೂ ಗೊತ್ತಿಲ್ಲ. ಗ್ರೂಪಿನಲ್ಲಿ ಮುನ್ನೂರು ಜನ. ಕೊಟ್ರೇಶ ಕೇಳಿದರೆ ಒಬ್ಬರೂ ನಾನೇ ಅನ್ನಲಿಲ್ಲ. ನೀನು ಹೆದರಿ ನಡುವೆ ಲಿಂಜ್‌ನಲ್ಲೇ ಇಳಿದುಬಿಟ್ಟೆ, ಉಳಿದ ಹನ್ನೊಂದು ದಿನ ಬಿಟ್ಟು ಮನೆಗೆ ಬಂದೆ.

ಸೀಟು ನಂಬರು ಅಂಕಿತಾ ಒಬ್ಬಳಿಗೇ ಗೊತ್ತಿದ್ದದ್ದು ಅಂತ, ನೀನು ಅವಳನ್ನು ನಮ್ಮ ಪಡಸಾಲೆಯಲ್ಲೇ ನಿಲ್ಲಿಸಿ ಕೂಗಾಡಿದೆ. ಒಂದನೇ ಕ್ಲಾಸಿನಿಂದ ಇದ್ದ ಸ್ನೇಹ. ನಾನು ಅಡುಗೆಮನೆಯಲ್ಲಿದ್ದೆ. ಒಗ್ಗರಣೆ ಸೀದುಹೋಯಿತು, ಹೊರಗೆ ಮಾತ್ರ ಬರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನೀನು, ಅವಳನ್ನು ನಂಬಿದ್ದೇ ತಪ್ಪಾಯಿತಲ್ಲಮ್ಮ ಅಂದೆ. ನಾನು ಹೂಂ ಅಂದೆ. ಎಲ್ಲಕ್ಕಿಂತ ಆ ಹೂಂ ನನ್ನನ್ನು ಸುಡುತ್ತಿದೆ. ಎರಡು ತಿಂಗಳಿಂದ ಅಂಕಿತಾಳ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೇನೆ.

ಆ ರೈಲು ನೀನು ಹೇಳಿದ ಹಾಗೇ ಸುರಕ್ಷಿತವಾಗಿತ್ತು. ಕೆಡಿಸಿದ್ದು ಹರಿಹರದಲ್ಲಿ ಕೂತು ಬರೆಸಿದ ನಾನು. ನನ್ನ ಮೇಲೆ ಎಷ್ಟು ದಿನ ಬೇಕಾದರೂ ಸಿಟ್ಟು ಮಾಡು, ಮಾತು ಬಿಡು. ಅಂಕಿತಾಳಿಗೆ ಮಾತ್ರ ಇವತ್ತೇ ಫೋನ್ ಮಾಡು.

ತಪ್ಪು ಮಾಡಿದ ನಿನ್ನ ಅಮ್ಮ,
ದ್ರಾಕ್ಷಾಯಣಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಅಂಕಿತಾಳ ಮನೆಗೆ ಹೋಗಿ ಇದನ್ನು ಓದಿ ಹೇಳಿದೆ. ಅವಳು ಬೈಯಲಿಲ್ಲ. "ನೀವು ಫೋಟೊ ತೆಗಿಯೋದನ್ನ ಅವತ್ತೇ ಬಾಗಿಲಾಗೆ ನಿಂತು ನೋಡಿದ್ದೆ ಆಂಟಿ. ತಾಯಿ ಅಲ್ವಾ, ಇರ್ಲಿ ಅಂತ ಸುಮ್ನಾದೆ" ಅಂದಳು. ಹಾಗಾದರೆ ಕೃತಿಕಾ ಅಷ್ಟು ಕೂಗಾಡುವಾಗ ನನ್ನ ಹೆಸರು ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಅವಳಿಗೆ ಗೆಳತೇರಾದ್ರೆ ಬ್ಯಾರೆ ಸಿಗ್ತಾರೆ ಬಿಡ್ರಿ" ಅಂದಳು.