ನನ್ನ ರೈಫಲಿನ ತುಟಿಗೆ ಗಾಯ ಮಾಡಿದವರಿಗೆ

ಜಿಲ್ಲಾ ಆಯುಧ ಪರವಾನಗಿ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ನೀವು ನನ್ನ ರೈಫಲನ್ನು ಹಾಳು ಮಾಡಿದ್ದೀರಿ. ಹಾಳು ಮಾಡಿ, ಅದನ್ನು ಮದುವೆಯ ಉಡುಗೊರೆ ಎಂದು ಕರೆದಿರಿ. ಆಮೇಲೆ ಅದೇ ಮದುವೆಗೆ ಬಂದು, ನಮ್ಮ ಕುರಿಮಾಂಸ ತಿಂದು, ನಮ್ಮ ರಾಕಿಯಾ ಸಾರಾಯಿ ಕುಡಿದು, ತಪ್ಪೆಲ್ಲ ನನ್ನ ಗಂಡನ ಕೈಯದು ಎಂದು ಊರಿಗೆಲ್ಲ ಕೇಳುವಂತೆ ಹೇಳಿದಿರಿ. ಮೊದಲೆರಡನ್ನು ಕ್ಷಮಿಸಬಹುದಿತ್ತೇನೋ. ಇಲ್ಲ, ಸುಳ್ಳೇಕೆ ಹೇಳಲಿ, ಕ್ಷಮಿಸುತ್ತಿರಲಿಲ್ಲ. ಆದರೆ ಪತ್ರ ಬರೆಯುತ್ತಿರುವುದು ಮೂರನೆಯದಕ್ಕೆ, ಸೇಡು ತೀರಿಸಿಕೊಳ್ಳಲೆಂದೇ. ಈ ಪತ್ರಿಕೆಯ ಸಂಪಾದಕರು ‘ಸೇಡು’ ಎಂಬಲ್ಲಿ ‘ನ್ಯಾಯ’ ಎಂದು ತಿದ್ದಲೇ ಎಂದು ಮೆತ್ತಗೆ ಕೇಳಿದರು. ಬೇಡ ಎಂದೆ.

ನಿಮ್ಮ ಕಚೇರಿಯ ಭಾಷೆಯಲ್ಲಿ ನನ್ನ ರೈಫಲಿಗೆ ಇರುವ ವರ್ಣನೆ ಇಷ್ಟೇ: ‘ಸಣ್ಣ ತೋಟಾದ ಕ್ರೀಡಾ ಬಂದೂಕು, ಮಾರ್ಪಡಿಸಿದ್ದು.’ ಮಾರ್ಪಡಿಸಿದ್ದು! ಇಡೀ ಒಂದು ಪ್ರೇಮಕಥೆಯನ್ನು ಒಂದೇ ಪದದಲ್ಲಿ ಮುಗಿಸುವ ನಿಮ್ಮ ಸಾಮರ್ಥ್ಯಕ್ಕೆ ನನ್ನ ನಮಸ್ಕಾರ. ನಾನು ಆ ರೈಫಲನ್ನು ಕೊಂಡಾಗ ಅದು ಯಾರ ಹೆಗಲಿಗೂ ಸರಿಹೊಂದದ, ಯಾರಿಗೂ ಸೇರದ ಸಾದಾ ವಸ್ತು. ಹೆಗಲಿಗೂ ಕೆನ್ನೆಗೂ ಒರಗುವ ಅದರ ಮರವನ್ನು ಬದಲಿಸಿಕೊಡಿ ಎಂದು ರೆಲ್ಯಾನ ಕೆಲಸದ ಕೊಠಡಿಗೆ ಹೋದೆ. ಆಗ ಅವನು ನನ್ನ ಗಂಡನಲ್ಲ, ಕೂದಲ ತುಂಬ ಆಕ್ರೋಟು ಮರದ ಪುಡಿ ಹೊತ್ತ ಒಬ್ಬ ಅಪರಿಚಿತ. ನೆಲದ ಮೇಲೆ ಚಾಪೆ ಹಾಸಿ, ಗುರಿಯಿಡುವ ಹಾಗೆ ನನ್ನನ್ನು ಬೋರಲು ಮಲಗಿಸಿ, ಕೆನ್ನೆ ಒರಗುವ ಜಾಗದಲ್ಲಿ ಜೇಡಿಮಣ್ಣಿನ ಉಂಡೆ ಇಟ್ಟು, ಒತ್ತಲು ಹೇಳಿದ.

“ಎಷ್ಟು ಒತ್ತಲಿ?”

“ನಿದ್ದೆ ಬಂದಾಗ ದಿಂಬಿಗೆ ಒತ್ತಲ್ವಾ, ಅಷ್ಟು. ನಗಬೇಡಿ.”

“ಯಾಕೆ?”

“ಕೆನ್ನೇಲಿ ಗುಳಿ ಬೀಳುತ್ತೆ. ಆ ಅಳತೆಗೆ ಕೆತ್ತಿಬಿಟ್ರೆ, ಆಮೇಲೆ ಪ್ರತಿ ಗುಂಡಿಗೂ ನೀವು ನಗ್ತಾನೇ ಇರಬೇಕಾಗುತ್ತೆ.”

ನಾನು ನಕ್ಕುಬಿಟ್ಟೆ. ಆ ಗುಳಿ ಮಣ್ಣಿನಲ್ಲಿ ಮೂಡಿತು. ಅವನು ಅದನ್ನು ಅಳಿಸಲಿಲ್ಲ, ಹಾಗೆಯೇ ಕೆತ್ತಿದ! ಹೀಗೆ ಮದುವೆಯಾದವರು ನಾವು, ಸ್ವಾಮಿ. ಮದುವೆಯಾಗಿ ಇನ್ನೂ ಒಂದು ಋತು ಕಳೆದಿಲ್ಲ, ಆದ್ದರಿಂದ ನಡುನಡುವೆ ಹೀಗೆ ತೇಲಿ ಹೋದರೆ ಓದುಗರು ಮನ್ನಿಸಬೇಕು. ನೀವು ಮನ್ನಿಸಬೇಕಾಗಿಲ್ಲ.

ಮರವಾದ ಮೇಲೆ ಹೊಸ ದಪ್ಪ ನಳಿಗೆ ಕೂರಿಸಿದೆವು. ಬೆರಳು ಯೋಚಿಸುವಷ್ಟರಲ್ಲಿ ಗುಂಡು ಬಿಡುವ ಹಾಗೆ ಬಂದೂಕಿನ ಕುದುರೆಯನ್ನು ಹದ ಮಾಡಿದೆವು. ಇನ್ನು ತೋಟಾಗಳ ವಿಷಯ ಕೇಳಲೇಬೇಡಿ. ಒಂದೇ ಕಾರ್ಖಾನೆಯ, ಒಂದೇ ಹೆಸರಿನ ತೋಟಾ, ಆದರೆ ಬೇರೆ ದಿನ ತಯಾರಾದದ್ದೆಂದರೆ ನನ್ನ ರೈಫಲಿಗೆ ಆಗುವುದಿಲ್ಲ. ಬೇಸಿಗೆಯಿಡೀ ಅದರ ಬಾಯಿರುಚಿ ಹುಡುಕುತ್ತಾ ಮೈದಾನದ ಚಾಪೆಯ ಮೇಲೆ ಬೋರಲು ಮಲಗಿದ್ದೆ. ಕೊನೆಗೆ ರುಚಿ ಸಿಕ್ಕಿದ ದಿನ, ಐವತ್ತು ಮೀಟರಿನಾಚೆಯ ಕಾಗದದ ಮೇಲೆ ಗುಂಡುಗಳೆಲ್ಲ ಒಂದರ ತೂತಿನಲ್ಲಿ ಒಂದು ತೂರಿಹೋದವು. ಆ ಶರತ್ಕಾಲದ ಪಂದ್ಯದಲ್ಲಿ ನಾನು ಎಲ್ಲರನ್ನೂ ಸೋಲಿಸಿದೆ. ನಿಮ್ಮನ್ನೂ ಸೋಲಿಸಿದೆ ಎಂಬುದನ್ನು ಸೌಜನ್ಯಕ್ಕಾಗಿ ಮೆಲ್ಲಗೆ ಹೇಳುತ್ತಿದ್ದೇನೆ.

ಆ ಪಂದ್ಯದ ನಂತರ ಪಕ್ಕದ ಜಿಲ್ಲೆಗಳಿಂದಲೂ ಜನ ರೆಲ್ಯಾನ ಬಾಗಿಲಿಗೆ ಬಂದರು. ನೀವೂ ಬಂದಿರಿ. ಸರದಿ ವಸಂತಕ್ಕೆ ಬರುತ್ತದೆ ಎಂದು ಅವನು ಹೇಳಿದಾಗ ನಿಮ್ಮ ಮುಖ ನೋಡಬೇಕಿತ್ತು.

“ಅಧಿಕಾರಿಗೂ ಸರದಿನಾ?” ಎಂದಿರಿ.

“ಮರಕ್ಕೆ ಹುದ್ದೆ ಗೊತ್ತಾಗಲ್ಲ ಸಾರ್. ಒಣಗೋಕೆ ಎಷ್ಟು ದಿನ ಬೇಕೋ ಅಷ್ಟು ತಗೊಳ್ಳುತ್ತೆ.”

ಇದಾದ ಸ್ವಲ್ಪ ದಿನಕ್ಕೇ ನಿಮ್ಮ ಕಚೇರಿಯಿಂದ ಕರೆ ಬಂತು. ನಳಿಗೆ ಬದಲಿಸಿದ್ದರಿಂದ ರೈಫಲನ್ನು ಮತ್ತೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕಂತೆ. ಕಾನೂನು ಹಾಗಿದೆ, ಒಪ್ಪಿಸಿದೆ. ಅದು ತಪ್ಪೆಂದು ನಾನು ಎಲ್ಲಿಯೂ ಹೇಳುತ್ತಿಲ್ಲ. ಬಂದೂಕು ಇಟ್ಟುಕೊಂಡವರನ್ನು ಸರಕಾರ ಕಣ್ಣಿಟ್ಟು ಕಾಯಲಿ, ನಾನೂ ಅದೇ ಊರಿನಲ್ಲಿ ಮಲಗುವವಳು. ಆದರೆ ಕಣ್ಣಿಡಲು ಕೊಟ್ಟದ್ದಕ್ಕೆ ನೀವು ಕೈಯಿಟ್ಟಿರಿ. ವಾರಗಟ್ಟಲೆ ಇಟ್ಟುಕೊಂಡು, ಮದುವೆಯ ಹಿಂದಿನ ದಿನ ಹಿಂದಿರುಗಿಸಿದಿರಿ. ನಿಮ್ಮ ಮೇಜಿನ ಮೇಲೆ ತುಂಡುತುಂಡು ಜೋಡಿಸುವ ಉಕ್ಕಿನ ಸರಳೊಂದು ಬಿದ್ದಿತ್ತು. ಸೈನ್ಯದ ಹಳೆಯ ಸರಳು, ಜೋಡಣೆಯ ಅಂಚುಗಳು ಚೂಪಾಗಿದ್ದವು.

“ಒಳಗೆಲ್ಲ ಕಪ್ಪು ಕಪ್ಪು ಮೆತ್ತಿತ್ತು ಕಣಮ್ಮಾ,” ಎಂದಿರಿ. “ನಾನೇ ಕೈಯಾರೆ ಈ ತುದಿಯಿಂದ ಸರಳು ತೂರಿಸಿ ಉಜ್ಜಿ ಉಜ್ಜಿ ತೆಗೆದಿದ್ದೀನಿ. ಮದುವೆ ಉಡುಗೊರೆ ಅನ್ಕೋ.”

‘ಈ ತುದಿ’ ಎಂದು ನೀವು ತಟ್ಟಿ ತೋರಿಸಿದ್ದು ಗುಂಡು ಹೊರಬೀಳುವ ತುದಿಯನ್ನು. ನಾನೇನು ಮಾಡಿದೆ ಗೊತ್ತೇ? ನಿಮಗೆ ಧನ್ಯವಾದ ಹೇಳಿದೆ! ತೋಟಾಗಳಿಂದ ನಳಿಗೆಯೊಳಗೆ ಕೂತು ಹದವಾಗಿದ್ದ ಮೇಣದ ಪದರವನ್ನು ಉಜ್ಜಿಬಿಟ್ಟರಲ್ಲಾ ಎಂದು ಬೇಸರವಾಯಿತು ನಿಜ. ಪಳಗಿದ ಕಾವಲಿಗೆ ಸೋಪು ಹಾಕಿ ತಿಕ್ಕುವ ಸೊಸೆಯನ್ನು ಯಾವ ಅತ್ತೆ ಮೆಚ್ಚುತ್ತಾಳೆ? ಆದರೆ ಒಂದಷ್ಟು ಗುಂಡು ಹೊಡೆದರೆ ಮೇಣ ಮತ್ತೆ ಕೂರುತ್ತದೆ. ನಾಳೆ ಮದುವೆ, ಇಂದು ಜಗಳವೇಕೆ ಎಂದು ನಕ್ಕು ಬಂದೆ. ಅದಕ್ಕಿಂತ ದೊಡ್ಡ ಗಾಯ ಆಗಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ಹುಡುಗಿಯ ತಲೆಯಲ್ಲಿ ಆ ದಿನ ಬಿಳಿ ಉಡುಪು ಬಿಟ್ಟರೆ ಬೇರೇನಿರುತ್ತದೆ?

ವರ ಗುಂಡು ಹೊಡೆದು ಸೇಬು ಬೀಳಿಸದೆ ವಧುವಿನ ಬಾಗಿಲು ತೆರೆಯುವುದಿಲ್ಲವೆಂಬುದು ನಿಮಗೂ ಗೊತ್ತಿರುವ ಪದ್ಧತಿ. ಅಂಗಳದ ಮರದ ತುದಿಗೆ ಸೇಬು ಕಟ್ಟಿ ಹೊಡೆಯುವುದನ್ನು ನಿಮ್ಮ ಕಚೇರಿ ನಿಲ್ಲಿಸಿದ ಮೇಲೆ, ನಾವು ಅದನ್ನು ಶೂಟಿಂಗ್ ಸಂಘದ ಮೈದಾನದಲ್ಲಿ, ಮರಳಿನ ದಿಬ್ಬದ ಮುಂದೆ ತೂಗುಹಾಕುತ್ತೇವೆ. ನನ್ನ ಮಾವ ಮಿಲೋಯೆ, ಅಂದರೆ ಅಮ್ಮನ ಅಣ್ಣ, ಹುಡುಕಿ ಹುಡುಕಿ ಆಕ್ರೋಟಿನ ಗಾತ್ರದ ಕಾಡು ಸೇಬು ಕಟ್ಟಿದ. “ಬಂದೂಕು ಮಾಡೋ ಅಳಿಯನಿಗೆ ದೊಡ್ಡ ಸೇಬು ಕೊಟ್ರೆ ಅವಮಾನ,” ಎಂಬುದು ಅವನ ವಾದ. ರೆಲ್ಯಾ ನನ್ನ ರೈಫಲನ್ನೇ ಹಿಡಿದು ಮಲಗಿದ. ಅದೇ ಅವನ ಆಸೆಯಾಗಿತ್ತು: ನನಗಾಗಿ ಮಾಡಿದ ರೈಫಲಿನಿಂದಲೇ ನನ್ನನ್ನು ಗೆಲ್ಲಬೇಕು.

ಮೊದಲ ಗುಂಡಿಗೆ ಮರಳು ಹಾರಿತು. ನಗು. ಎರಡನೆಯದಕ್ಕೂ ಮರಳೇ. ಜೋರು ನಗು. ಆಮೇಲೆ ಗುಂಡಿಗೊಂದು ಮಾತು.

“ಅಳಿಯಂದ್ರೇ, ಹಣ್ಣಾಗಿ ತಾನೇ ಬೀಳೋ ತನಕ ಕಾಯೋಣ್ವಾ?” ಎಂದ ಮಿಲೋಯೆ ಮಾವ.

“ಆ ಸೇಬಿಗೂ ಮದುವೆ ಇಷ್ಟ ಇಲ್ಲ ಅನ್ಸುತ್ತೆ,” ಎಂದಳು ನನ್ನ ಅಜ್ಜಿ. “ಹುಡುಗೀನ ಮನೆಗೆ ವಾಪಸ್ ಕರ್ಕೊಂಡ್ ಹೋಗಿ, ಕೋಳಿಗೆ ಕಾಳು ಹಾಕೋರಿಲ್ಲ.”

ಇದೆಲ್ಲ ಮದುವೆಯ ಮಾತು, ಪ್ರೀತಿಯ ಮಾತು. ನಾನು ತಡೆಯಲಾರದೆ ಬಿಳಿ ಉಡುಪಿನಲ್ಲೇ ಚಾಪೆಯ ಮೇಲೆ ಬೋರಲು ಮಲಗಿದೆ. “ಇವಳು ಈಗ ಯಾರ ಕಡೆಯವಳು?” ಎಂದು ಯಾರೋ ಕೂಗಿದರು. “ಅವನ ಕಡೆ!” ಎಂದು ಕೂಗಿದೆ. ಕೆನ್ನೆಯನ್ನು ಅದರ ಗುಳಿಯಲ್ಲಿಟ್ಟು, ಉಸಿರು ಬಿಟ್ಟು, ಹೊಡೆದೆ. ನನ್ನ ಗುಂಡೂ ಮರಳಿಗೆ ಹೋಯಿತು. ಮತ್ತೆ ಹೊಡೆದರೆ ಇನ್ನೊಂದು ದಿಕ್ಕಿಗೆ ಹೋಯಿತು. ಮೈದಾನ ತಣ್ಣಗಾಯಿತು. ಏಕೆಂದರೆ ನಾನು ಗುರಿ ತಪ್ಪುವುದನ್ನು ಆ ಮೈದಾನ ನೋಡಿರಲಿಲ್ಲ.

ಆ ಮೌನದಲ್ಲಿ ನೀವು ಲೋಟ ಕೆಳಗಿಡದೆ ಹೇಳಿದಿರಿ: “ಈ ಹುಡುಗನ ಕೆತ್ತನೆ ಚೆನ್ನಾಗೇ ಇದೆಯಪ್ಪಾ. ಊರುಗೋಲು ಮಾಡೋಕೆ ಬಿಡಿ, ಬಂದೂಕು ಬೇಡ.”

ಕೊನೆಗೆ ನಮ್ಮ ಮದುವೆಯ ಸಾಕ್ಷಿಯಾಗಿ, ಅಂದರೆ ಕುಮ್ ಆಗಿ, ನಿಂತಿದ್ದ ಓಗ್ನ್ಯೆನ್, ಸಂಘದ ಮೂಲೆಯಲ್ಲಿದ್ದ ಹಿಡಿ ಸೀಳಿದ ಹಳೆಯ ರೈಫಲಿನಿಂದ ಸೇಬು ಬೀಳಿಸಿದ. ತುತ್ತೂರಿಗಳು ಮೊಳಗಿದವು, ಎಲ್ಲರೂ ಕುಣಿದರು, ರೆಲ್ಯಾನೂ ಕುಣಿದ. ಅವನ ಅಂಗೈ ಮಾತ್ರ ಮಂಜಿನಂತಿತ್ತು. ಹಿಡಿದಿದ್ದವಳಿಗೆ ಗೊತ್ತು.

ಇನ್ನು ಮುಂದಿನದನ್ನು ಗಮನವಿಟ್ಟು ಓದಿ. ಎಲ್ಲರೂ ಹನಿಮೂನಿಗೆ ಸಮುದ್ರಕ್ಕೆ ಹೋಗುತ್ತಾರೆ. ನನ್ನ ಗಂಡ ಕೆಲಸದ ಕೊಠಡಿಗೆ ಹೋದ. ರೈಫಲನ್ನು ಬಿಚ್ಚಿ, ತಾನು ಕೂದಲೆಳೆಯಷ್ಟೂ ಬೆಳಕು ಹಾಯದಂತೆ ನಳಿಗೆಯನ್ನು ಕೂರಿಸಿದ್ದ ಆ ಮರದ ಹಾಸಿಗೆಯನ್ನು ಕೆರೆಯತೊಡಗಿದ. ಎಲ್ಲೋ ಮರ ಉಬ್ಬಿರಬೇಕು, ಎಲ್ಲೋ ನನ್ನ ಉಳಿ ಜಾರಿರಬೇಕು ಎಂದ. ಮರ ಕೆತ್ತುವವನು ತಪ್ಪನ್ನು ಮೊದಲು ಮರದಲ್ಲೇ ಹುಡುಕುತ್ತಾನೆ. ನಳಿಗೆಯ ತುದಿಯನ್ನು ನೋಡಬೇಕೆಂದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಅಲ್ಲಿಗೆ ಉಕ್ಕು ತಾಗಿಸುವಂಥ ಪಾಪಿ ಇರುತ್ತಾನೆಂದು ನಮ್ಮ ಸಂಘದಲ್ಲಿ ಯಾರೂ ಎಣಿಸುವುದಿಲ್ಲ. ಕೆರೆದ, ಮತ್ತೆ ಕೂರಿಸಿದ, ಹೊಡೆದು ನೋಡಿದೆವು, ಸರಿಹೋಗಲಿಲ್ಲ. ಮತ್ತೆ ಕೆರೆದ. ನನ್ನ ಕೆನ್ನೆಯ ಗುಳಿಯನ್ನೂ ಒಂದು ದಿನ ಮಟ್ಟ ಮಾಡಿಬಿಟ್ಟ. ಅಷ್ಟರಲ್ಲಿ ನಿಮ್ಮ ಊರುಗೋಲಿನ ಮಾತು ಜಿಲ್ಲೆಯಿಡೀ ತಿರುಗಿ ಬಂದಿತ್ತು. ಕೆತ್ತಲು ಕೊಟ್ಟಿದ್ದ ಮರವನ್ನು ಒಬ್ಬೊಬ್ಬರಾಗಿ ಹಿಂದಕ್ಕೊಯ್ದರು. ಒಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಲಿಲ್ಲ. ಒಂದು ಬೆಳಿಗ್ಗೆ ರೆಲ್ಯಾ ಕಾಫಿ ಕುಡಿಯುತ್ತಾ ಹೇಳಿದ: “ಕಿಟಕಿ ಚೌಕಟ್ಟು ಮಾಡೋ ಕಡೆ ಕೆಲಸ ಇದೆಯಂತೆ ಕಣೇ. ಕಿಟಕಿ ಗುರಿ ತಪ್ಪಲ್ಲ ಅಲ್ವಾ.” ತಮಾಷೆಗೆಂದೇ ಹೇಳಿದ. ನಾನು ನಗಲಿಲ್ಲ.

ನನ್ನ ಗಂಡ ತನ್ನ ಕೈಯ ಮೇಲಿನ ನಂಬಿಕೆಯನ್ನು ತನ್ನ ಕೈಯಾರೆ ಕೆರೆದು ಹಾಕಿದ, ಮಾನ್ಯರೇ. ಉಳಿ ಅವನದು, ಹಿಡಿದು ಕೆರೆಸಿದ್ದು ನೀವು.

ಕಳೆದ ವಾರ ಸಂಘದಲ್ಲಿ ಔಷಧಿ ಅಂಗಡಿಯ ಸ್ರೇತೆನ್ ಹೊಸ ರೈಫಲು ತಂದಿದ್ದರು. ಈ ಆಟಕ್ಕೆ ಹೊಸಬರು. ಗುಂಡು ಹೊರಬೀಳುವ ತುದಿಯಿಂದ ಉಕ್ಕಿನ ಸರಳು ತೂರಿಸಲು ಹೋದರು. ನೀವು ಪಕ್ಕದ ಮೇಜಿನಿಂದ ಚಂಗನೆ ಎದ್ದಿರಿ. ಕಂಬದ ಹಿಂದೆ ನಾನಿದ್ದುದನ್ನು ನೋಡಲಿಲ್ಲ.

“ಏಯ್ ಏಯ್ ಏಯ್! ಏನ್ರೀ ಅದು, ಕೊಲೆ ಮಾಡ್ತೀರಾ? ಉಕ್ಕಿನ ಸರಳು, ಅದೂ ಬಾಯಿ ಕಡೆಯಿಂದ?”

“ಯಾಕೆ ಸಾರ್, ಹತ್ರ ಅಲ್ವಾ?”

“ಹತ್ರ ಅಂತೆ! ಗುಂಡು ಕೊನೇದಾಗಿ ಮುಟ್ಟೋದೇ ಆ ಅಂಚನ್ನ ಕಣ್ರೀ. ತುಟಿ ಇದ್ದ ಹಾಗೆ ಅದು. ಒಂಚೂರು ತರಚಿದ್ರೆ ಗುಂಡು ಸೊಟ್ಟಗೆ ಉಗಿಯುತ್ತೆ. ನನ್ನದಕ್ಕೆ ನಾನು ಹಿಂದಿನಿಂದ, ಪ್ಲಾಸ್ಟಿಕ್ ಹೊದಿಕೆ ಸರಳಲ್ಲಿ, ಮಗು ಕಿವಿ ಒರೆಸೋ ಹಾಗೆ ಒರೆಸ್ತೀನಿ.”

ಎಷ್ಟು ಚೆನ್ನಾಗಿ ಪಾಠ ಹೇಳುತ್ತೀರಿ! ನಾನು ಮನೆಗೆ ಓಡಿಹೋಗಿ ಭೂತಗನ್ನಡಿ ಹಿಡಿದು ನಳಿಗೆಯ ತುಟಿ ನೋಡಿದೆ. ಒಂದು ಬದಿಯಲ್ಲಿ ಅಂಚು ಸವೆದು ಓರೆಯಾಗಿತ್ತು. ಅದರ ಮಧ್ಯೆ ಒಂದು ಕಚ್ಚು, ನಿಮ್ಮ ಸರಳಿನ ಜೋಡಣೆಯಷ್ಟೇ ಚೂಪು. ರೆಲ್ಯಾನಿಗೆ ಭೂತಗನ್ನಡಿ ಕೊಟ್ಟೆ. ಅವನು ಬಹಳ ಹೊತ್ತು ನೋಡಿದ. ಆಮೇಲೆ ಮರವನ್ನು ತೊಡೆಯ ಮೇಲಿಟ್ಟುಕೊಂಡು, ತಾನು ಕೆರೆದಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ, “ಇದೇನು ತಪ್ಪು ಮಾಡಿತ್ತು ಪಾಪ,” ಎಂದ.

ಮರುದಿನ ನಿಮ್ಮ ಕಚೇರಿಗೆ ಬಂದು ಕೇಳಿದೆ. ನೀವು ಕುರ್ಚಿಯಿಂದ ಏಳಲೂ ಇಲ್ಲ.

“ಇಂಗ್ಲಿಷ್ ಶಾಲೇಲಿ ಓದಿದ ಮೇಡಂ, ಕಬ್ಬಿಣ ಅಂದ್ರೆ ಬೆಣ್ಣೆ ಅಲ್ಲ. ನಾಲ್ಕು ಸಲ ಉಜ್ಜಿದ್ರೆ ಏನೂ ಆಗಲ್ಲ. ನಿಮ್ಮ ಯಜಮಾನ್ರ ಕೆಲಸ ಮುಚ್ಚೋಕೆ ನನ್ನ ಮೇಲೆ ಹಾಕಬೇಡಿ. ಬೇಕಿದ್ರೆ ತುದಿ ಕತ್ತರಿಸಿ ಸರಿ ಮಾಡಿಸಿ. ಆದ್ರೆ ನಳಿಗೆ ಗಿಡ್ಡ ಆಗುತ್ತೆ ನೋಡಿ, ಮತ್ತೆ ಪರೀಕ್ಷೆಗೆ ಇಲ್ಲಿಗೇ ತರಬೇಕು.”

ಇಲ್ಲಿಗೇ! ಗಾಯ ಮಾಡಿದವರೇ ಗಾಯ ವಾಸಿಯಾಗಿದೆಯೆಂದು ಪ್ರಮಾಣಪತ್ರ ಕೊಡಬೇಕು. ಅದಕ್ಕೂ ಮೊದಲು ಬಹುಶಃ ಇನ್ನೊಮ್ಮೆ ಕೈಯಾರೆ ಉಜ್ಜಬೇಕು. ಹೌದು, ನಾನು ಇಂಗ್ಲಿಷ್ ಶಾಲೆಯಲ್ಲಿ ಓದಿದವಳು. ತಪ್ಪು ಮಾಡಿದರೆ ಒಪ್ಪಿಕೊಳ್ಳಬೇಕೆಂದು ಅಲ್ಲಿಯೂ ಹೇಳಿಕೊಟ್ಟರು. ನಿಮ್ಮ ಶಾಲೆಯಲ್ಲಿ ಯಾವ ಭಾಷೆಯಲ್ಲಿಯೂ ಹೇಳಿಕೊಡಲಿಲ್ಲವೇ? ಸ್ವಂತ ರೈಫಲು ಮಗುವಿನ ಕಿವಿ, ಪರರದ್ದು ಚರಂಡಿ ಕೊಳವೆಯೇ? ಸರದಿಯಲ್ಲಿ ನಿಲ್ಲಿಸಿದ ಸಿಟ್ಟಿಗೆ ಬೇಕೆಂದೇ ಮಾಡಿದಿರೋ, ಯಾರದ್ದೋ ವಸ್ತು ತಾನೇ ಎಂಬ ಉದಾಸೀನಕ್ಕೆ ಮಾಡಿದಿರೋ, ನನಗೆ ಗೊತ್ತಿಲ್ಲ. ಸಿಟ್ಟಾದರೆ ನೀವು ಸಣ್ಣ ಮನುಷ್ಯರು. ಉದಾಸೀನವಾದರೆ ಇನ್ನೂ ಸಣ್ಣವರು, ಏಕೆಂದರೆ ಸಿಟ್ಟಾಗಲು ಎದುರಿಗಿರುವವರನ್ನು ಮನುಷ್ಯರೆಂದಾದರೂ ಎಣಿಸಬೇಕು.

ರೆಲ್ಯಾ ಈ ಪತ್ರ ಬೇಡವೆಂದ. “ಬಿಡೇ, ಅವರ ಮೇಜಿನ ಮೇಲೇ ನಮ್ಮ ಪರವಾನಗಿಯ ಮೊಹರು ಇರೋದು,” ಎಂದ. ಅವನು ಒಳ್ಳೆಯವನು. ಮನೆಗೆ ಒಬ್ಬರು ಒಳ್ಳೆಯವರಿದ್ದರೆ ಸಾಕು.

ಈಗ ನನ್ನ ಬೇಡಿಕೆ. ನನಗೆ ಪರಿಹಾರ ಬೇಡ, ಹೊಸ ನಳಿಗೆ ಬೇಡ, ನಿಮ್ಮ ವರ್ಗಾವಣೆಯೂ ಬೇಡ. ಬರುವ ಭಾನುವಾರ ಸಂಘದ ಸ್ಲಾವಾ, ಸಂತನ ಹಬ್ಬ. ಇಡೀ ಜಿಲ್ಲೆಯ ಗುರಿಗಾರರು ಮೈದಾನದಲ್ಲಿರುತ್ತಾರೆ. ತಮ್ಮ ಮರ ಹಿಂದಕ್ಕೊಯ್ದವರೂ ಬರುತ್ತಾರೆ. ನೀವು ನಿಮ್ಮ ಸ್ವಂತ ರೈಫಲನ್ನು ತನ್ನಿ. ಮಗುವಿನ ಕಿವಿಯಂತೆ ಒರೆಸುತ್ತೀರಲ್ಲ, ಅದನ್ನೇ. ಜೊತೆಗೆ ನಿಮ್ಮ ಮೇಜಿನ ಮೇಲಿದ್ದ ಉಕ್ಕಿನ ಸರಳನ್ನೂ ತನ್ನಿ. ಎಲ್ಲರೆದುರು ಕುಳಿತು, ನನ್ನದನ್ನು ಉಜ್ಜಿದ ತುದಿಯಿಂದ, ಉಜ್ಜಿದಷ್ಟೇ ಉತ್ಸಾಹದಿಂದ, ನಿಮ್ಮದನ್ನು ಉಜ್ಜಿರಿ. ಏನೂ ಆಗುವುದಿಲ್ಲವೆಂದು ನೀವೇ ಹೇಳಿದ್ದೀರಿ, ಆದ್ದರಿಂದ ಹೆದರಿಕೆಗೆ ಕಾರಣವೇ ಇಲ್ಲ. ಆಮೇಲೂ ನಿಮ್ಮ ಗುಂಡುಗಳು ಹಿಂದಿನಂತೆಯೇ ಹೋದರೆ, ನಾನು ಅಲ್ಲೇ ನಿಮ್ಮ ಕಾಲಿಗೆ ಬಿದ್ದು, ನನ್ನ ಗಂಡ ಊರುಗೋಲು ಕೆತ್ತುವವನೆಂದು ಒಪ್ಪಿಕೊಳ್ಳುತ್ತೇನೆ.

ಉಜ್ಜಲು ಮನಸ್ಸಾಗದಿದ್ದರೆ, ಈ ಪತ್ರಿಕೆಯಲ್ಲಿ ಒಂದು ಸಾಲು ಬರೆಯಿರಿ: ‘ನಳಿಗೆ ಹಾಳು ಮಾಡಿದ್ದು ನಾನು, ಮರ ಕೆತ್ತಿದವನಲ್ಲ.’ ಎರಡೂ ಮಾಡದೆ ಮನೆಯಲ್ಲಿ ಕುಳಿತರೆ, ನಿಮಗಾಗಿ ಒಂದು ಖಾಲಿ ಕುರ್ಚಿ, ಅದರ ಮುಂದಿನ ಮೇಜಿನ ಮೇಲೆ ಅಂಥದ್ದೇ ಒಂದು ಉಕ್ಕಿನ ಸರಳು ಹಬ್ಬ ಮುಗಿಯುವವರೆಗೂ ಇರುತ್ತವೆ. ಅದೇನೆಂದು ಕೇಳಿದವರಿಗೆಲ್ಲ ನಾನೇ ನಿಂತು, ಸಿಹಿ ಹಂಚುತ್ತಾ, ವಿವರಿಸುತ್ತೇನೆ.

ಇಂತಿ,
ಈ ಜನ್ಮದಲ್ಲಿ ನಿಮ್ಮ ಕಚೇರಿಯಿಂದ ಇನ್ನೊಂದು ಮೊಹರು ಸಿಗಲಾರದೆಂದು ಚೆನ್ನಾಗಿ ಬಲ್ಲ,
ತಿಯಾನಾ, ರೆಲ್ಯಾನ ಹೆಂಡತಿ